ಕಫದಲ್ಲಿ ಕಾಣದ ಕ್ಷಯ

ಎಚ್‌ಐವಿ ಇರುವವರ ಸಾವಿಗೆ ಜಗತ್ತಿನಲ್ಲಿ ಇಂದಿಗೂ ಮುಖ್ಯ ಕಾರಣ ಕ್ಷಯ. ಸಾಮಾನ್ಯವಾಗಿ ಆರು ತಿಂಗಳ ಮಾತ್ರೆಗೆ ಗುಣವಾಗುವ ರೋಗವಿದು. ಆದರೆ ಪತ್ತೆಯಾಗುವ ಹೊತ್ತಿಗೆ ಎಷ್ಟೋ ಜನರ ಪಾಲಿಗೆ ಕಾಲ ಮಿಂಚಿರುತ್ತದೆ.

ತಡವಾಗುವುದಕ್ಕೆ ಕಾರಣ ದೇಹದೊಳಗೇ ಇದೆ. ರೋಗನಿರೋಧಕ ಶಕ್ತಿ ರೋಗಾಣುವಿನೊಡನೆ ಸೆಣಸಿದಾಗಲೇ ಶ್ವಾಸಕೋಶದಲ್ಲಿ ಕುಳಿ ಬೀಳುವುದು, ಕಫದಲ್ಲಿ ರೋಗಾಣು ತುಂಬುವುದು. ಆ ಶಕ್ತಿಯನ್ನು ಮುನ್ನಡೆಸುವ, ಎಚ್‌ಐವಿ ನಾಶಮಾಡುವ ಸಿಡಿ4 ಎಂಬ ಬಿಳಿ ರಕ್ತಕಣಗಳು ಕುಸಿದವರಲ್ಲಿ ಆ ಸೆಣಸಾಟ ಸರಿಯಾಗಿ ನಡೆಯದು. ಎಕ್ಸ್‌ರೇಯಲ್ಲಿ ಕೆಲವೊಮ್ಮೆ ಏನೂ ಕಾಣದು. ರೋಗ ಮಾತ್ರ ರಕ್ತದ ಮೂಲಕ ಯಕೃತ್ತು, ಗುಲ್ಮ, ಮಿದುಳನ್ನು ಸೇರಿರುತ್ತದೆ. ಸೂಕ್ಷ್ಮದರ್ಶಕಕ್ಕೆ ಸಿಗಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣುಗಳಿರಬೇಕು. ಇವರಲ್ಲಿ ಅಷ್ಟಿರುವುದು ಅಪರೂಪ.

ಎಷ್ಟು ಮಂದಿ ಹೀಗೆ ಕೈತಪ್ಪಿದರು ಎಂಬುದನ್ನು ಹೇಳಿದ್ದು ಶವಪರೀಕ್ಷೆಗಳು. ಬಹುಪಾಲು ಬಡ ದೇಶಗಳ ಅಂಥ ವರದಿಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ತೀರಿಕೊಂಡ ಎಚ್‌ಐವಿ ಪೀಡಿತ ವಯಸ್ಕರಲ್ಲಿ ಸುಮಾರು ಶೇ 40ರಷ್ಟು ಮಂದಿಗೆ ಕ್ಷಯವಿತ್ತು. ಅವರಲ್ಲಿ ಅರ್ಧದಷ್ಟು ಜನರಿಗೆ ಬದುಕಿದ್ದಾಗ ಅದು ಗೊತ್ತೇ ಆಗಿರಲಿಲ್ಲ.

2010ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜೀನ್‌ಎಕ್ಸ್‌ಪರ್ಟ್ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮ ಆಸ್ಪತ್ರೆಗಳಲ್ಲಿ ಸಿಬಿನಾಟ್ ಎಂದೇ ಹೆಸರಾದ ಈ ಪರೀಕ್ಷೆ ಎರಡು ಗಂಟೆಯೊಳಗೆ ರೋಗಾಣುವನ್ನೂ, ಅದು ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗುವುದೇ ಎಂಬುದನ್ನೂ ತಿಳಿಸುತ್ತದೆ. ಸಾವು ಇಳಿಯುತ್ತದೆ ಎಂದೇ ಎಲ್ಲರೂ ನಂಬಿದ್ದರು. ದಕ್ಷಿಣ ಆಫ್ರಿಕಾದಲ್ಲಿ ನಡೆದ ಎಕ್ಸ್‌ಟೆಂಡ್ ಅಧ್ಯಯನದಲ್ಲಿ ಹಾಗಾಗಲಿಲ್ಲ. ಸೂಕ್ಷ್ಮದರ್ಶಕ ಬಳಸಿದ ಕಡೆಗೂ ಯಂತ್ರ ಬಳಸಿದ ಕಡೆಗೂ ಸಾವಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇದನ್ನು ಯಂತ್ರದ ಸೋಲೆಂದು ನಾನು ಓದುವುದಿಲ್ಲ. ಅನುಮಾನ ಬಂದ ಕೂಡಲೇ ಅನುಭವಿ ವೈದ್ಯರು ಹೇಗೂ ಮಾತ್ರೆ ಶುರುಮಾಡುತ್ತಿದ್ದರು. ಮೇಲಾಗಿ, ತೀರಾ ನಿತ್ರಾಣರಾದವರು ಕೆಮ್ಮಿ ಕಫ ತೆಗೆದುಕೊಡಲಾರರು. ಕಫವೇ ಇಲ್ಲದಿದ್ದರೆ ಎಷ್ಟು ಚುರುಕಾದ ಯಂತ್ರವಿದ್ದರೇನು?

ಆ ತೊಡಕು ಬಿಡಿಸಿದ್ದು ಮೂತ್ರ. ರೋಗಾಣುವಿನ ಗೋಡೆಯಿಂದ ಕಳಚುವ ‘ಲ್ಯಾಮ್’ ಎಂಬ ಅಂಶ ಮೂತ್ರದಲ್ಲಿ ಇಳಿಯುತ್ತದೆ. ಅದನ್ನು ಹಿಡಿಯುವ ಪರೀಕ್ಷಾ ಪಟ್ಟಿಯ ಮೇಲೆ ಒಂದೆರಡು ಹನಿ ಮೂತ್ರ ಬಿಟ್ಟು, 25 ನಿಮಿಷ ಕಾದು, ಮೂಡಿದ ಗೆರೆಯನ್ನು ಮಾದರಿ ಕಾರ್ಡಿನ ಪಕ್ಕ ಹಿಡಿದು ನೋಡಿದರಾಯಿತು. ವಿದ್ಯುತ್ತೂ ಬೇಡ, ಪ್ರಯೋಗಾಲಯವೂ ಬೇಡ. ಹಾಸಿಗೆಯ ಪಕ್ಕದಲ್ಲೇ ನರ್ಸ್ ಮಾಡಬಹುದು. ಸಿಡಿ4 ಎಷ್ಟು ಕಡಿಮೆಯೋ ಗೆರೆ ಕಾಣುವ ಸಂಭವ ಅಷ್ಟು ಹೆಚ್ಚು. ಆಫ್ರಿಕಾದ ನಾಲ್ಕು ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಪರೀಕ್ಷೆ ಬಳಸಿದಾಗ ಎಚ್‌ಐವಿ ಇರುವ ಒಳರೋಗಿಗಳ ಎಂಟು ವಾರಗಳ ಸಾವಿನ ಪ್ರಮಾಣ ಶೇ 25ರಿಂದ 21ಕ್ಕೆ ಇಳಿಯಿತು. ಸಾವನ್ನು ತಗ್ಗಿಸಿದ ಮೊದಲ ಕ್ಷಯ ಪರೀಕ್ಷೆಯೆಂದು ಅದು ಹೆಸರಾಯಿತು.

ಆದರೂ ಅತಿ ಹೆಚ್ಚು ಜೀವ ಉಳಿಸಿದ ಹೆಗ್ಗಳಿಕೆ ಎಚ್‌ಐವಿಯನ್ನು ಹತ್ತಿಕ್ಕುವ ಔಷಧ ಚಿಕಿತ್ಸೆಯಾದ ಎಆರ್‌ಟಿಯದೇ. ಕ್ಷಯದ ಚಿಕಿತ್ಸೆ ಮುಗಿಯುವವರೆಗೆ ಕಾಯದೆ ನಡುವೆಯೇ ಎಆರ್‌ಟಿ ಆರಂಭಿಸಿದರೆ ಸಾವು ಶೇ 56ರಷ್ಟು ತಗ್ಗುತ್ತದೆಂದು ಡರ್ಬನ್‌ನ ಅಧ್ಯಯನ 2010ರಲ್ಲಿ ತೋರಿಸಿತು. ಇಷ್ಟಾದರೂ 2023ರಲ್ಲಿ ಎಚ್‌ಐವಿ ಇದ್ದು ಕ್ಷಯದಿಂದ ಸತ್ತವರು ಸುಮಾರು 1.61 ಲಕ್ಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ನಮ್ಮ ಎಆರ್‌ಟಿ ಕೇಂದ್ರಗಳಲ್ಲಿ ಬಂದವರನ್ನು ಪ್ರತಿ ಸಲ ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಕೆಮ್ಮು, ಜ್ವರ, ತೂಕ ಇಳಿತ, ರಾತ್ರಿ ಬೆವರು. ಈಗ ಕಫ, ಮೂತ್ರ ಎರಡನ್ನೂ ಜೊತೆಯಲ್ಲೇ ಪರೀಕ್ಷಿಸಬೇಕೆಂಬ ಜಾಗತಿಕ ಸಲಹೆ ಬಂದಿದೆ. ಸಿಡಿ4 ಕುಸಿದು ವಾರ್ಡಿಗೆ ದಾಖಲಾಗುವ ಪ್ರತಿಯೊಬ್ಬರಿಗೂ ಆ ಮೂತ್ರದ ಪಟ್ಟಿ ಮೊದಲ ದಿನವೇ ಸಿಗಬೇಕು, ಗೆರೆ ಮೂಡಿದರೆ ಮಾತ್ರೆ ಅಂದೇ ಶುರುವಾಗಬೇಕು.