ಲೋಹಕ್ಕೆ ಮೂಳೆ ಕೂಡಿಕೊಂಡ ಬಗೆ

ಮಂಡ್ಯ, ಮದ್ದೂರು, ಮಳವಳ್ಳಿಗಳ ಗಾರೆಕೆಲಸದವರು ಹಳೆಯ ಗೋಡೆಗೆ ಹೊಸ ಗಾರೆ ಬಳಿಯುವ ಮುನ್ನ ಅದರ ನುಣುಪನ್ನು ಕೆತ್ತಿ ಒರಟು ಮಾಡುತ್ತಾರೆ. ನಯವಾದ ಮೈಗೆ ಗಾರೆ ಹಿಡಿಯದೆಂಬುದು ಅನುಭವಸಿದ್ಧ. ಆದರೆ ಜೀವಂತವಾದ ಮೂಳೆಯೂ ಲೋಹವನ್ನು ಹೀಗೆಯೇ ಹಿಡಿಯಬಲ್ಲುದೆ? ಈ ಪ್ರಶ್ನೆಗೆ ಉತ್ತರ ದೊರೆತ ಬಗೆಯನ್ನು ಸಾಮಾನ್ಯವಾಗಿ ಆಕಸ್ಮಿಕವೊಂದರ ಕಥೆಯಾಗಿ ಹೇಳುವುದುಂಟು. ಆ ಕಥೆಯು ಅಪೂರ್ಣವೆಂದು ನಾವು ಭಾವಿಸುತ್ತೇವೆ.

1952ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವಿಜ್ಞಾನಿಯು ಮೂಳೆಯೊಳಗಿನ ರಕ್ತಸಂಚಾರವನ್ನು ನೋಡಲು ಮೊಲದ ಕಾಲಿನ ಮೂಳೆಗೆ ಟೈಟಾನಿಯಂ ಲೋಹದ ಉಪಕರಣವನ್ನು ಅಳವಡಿಸಿದನು. ಪ್ರಯೋಗ ಮುಗಿದ ಮೇಲೆ ಅದನ್ನು ತೆಗೆಯಲಾಗಲಿಲ್ಲ. ಮೂಳೆಯು ಲೋಹಕ್ಕೆ ಕೂಡಿಕೊಂಡಿದ್ದಿತು. 1965ರಲ್ಲಿ ಆತನು ಗೋಥೆನ್‌ಬರ್ಗಿನಲ್ಲಿ ಮೊದಲ ರೋಗಿಯ ದವಡೆಗೆ ಟೈಟಾನಿಯಂ ದಂತಮೂಲಗಳನ್ನು ಕೂಡಿಸಿದನು. ವಿದ್ವಲ್ಲೋಕದ ಸಂಶಯ ಬಹುಮಟ್ಟಿಗೆ ನೀಗಿದುದು 1982ರ ಟೊರಾಂಟೊ ಸಮ್ಮೇಳನದಲ್ಲಿ.

ಆಕಸ್ಮಿಕವು ತೋರಿಸಿಕೊಟ್ಟುದು ಲೋಹವನ್ನು ಮಾತ್ರ. ಅದರ ಮೇಲ್ಮೈ ಹೇಗಿರಬೇಕೆಂಬುದನ್ನಲ್ಲ. ಮೊದಮೊದಲಿನ ದಂತಮೂಲಗಳು ಯಂತ್ರದಲ್ಲಿ ಕಡೆದವು, ಬಹುಮಟ್ಟಿಗೆ ನುಣುಪಾದವು. 1981ರಲ್ಲಿ ಆಲ್ಬ್ರೆಕ್ಟ್‌ಸನ್ ಮತ್ತು ಸಂಗಡಿಗರು ಬಂಧಕ್ಕೆ ಅಗತ್ಯವಾದ ಆರು ಅಂಶಗಳನ್ನು ಎಣಿಸಿ, ಲೋಹದ ಗುಣ, ಆಕಾರಗಳೊಡನೆ ಮೇಲ್ಮೈಗೂ ಸ್ಥಾನವಿತ್ತರು. 1991ರಲ್ಲಿ ಬೂಸರ್ ಮತ್ತು ಸಂಗಡಿಗರು ಕಿರುಜಾತಿಯ ಹಂದಿಗಳ ಮೇಲೆ ಆರು ಬಗೆಯ ಮೇಲ್ಮೈಗಳನ್ನು ಪರೀಕ್ಷಿಸಿದರು. ನುಣುಪಾಗಿಸಿದ ಲೋಹದ ಮೈಯಲ್ಲಿ ಶೇಕಡ 20ರಿಂದ 25ರಷ್ಟು ಭಾಗಕ್ಕೆ ಮಾತ್ರ ಮೂಳೆ ತಾಗಿದ್ದಿತು. ಮರಳು ಹೊಡೆದು ಆಮ್ಲದಿಂದ ಕೊರೆದ ಮೈಯಲ್ಲಿ ಶೇಕಡ 50ರಿಂದ 60ರಷ್ಟು.

ಇದರ ಕಾರಣವು ಗಾರೆಯ ನ್ಯಾಯಕ್ಕಿಂತ ಸೂಕ್ಷ್ಮವಾದುದು. ಗಾಯದ ರಕ್ತ ಹೆಪ್ಪುಗಟ್ಟಿದಾಗ ಅದರ ತಂತುಗಳು ಒರಟು ಮೈಯನ್ನು ಭದ್ರವಾಗಿ ಹಿಡಿಯುತ್ತವೆ. ಮೂಳೆ ಕಟ್ಟುವ ಜೀವಕೋಶಗಳು ಆ ತಂತುಗಳ ಮೇಲೆ ಸಾಗಿ ಲೋಹದ ಬಳಿಗೇ ಬಂದು ಅಲ್ಲಿಯೇ ಹೊಸ ಮೂಳೆಯನ್ನು ಕಟ್ಟತೊಡಗುತ್ತವೆ. ನುಣುಪಾದ ಮೈಗೆ ತಂತುಗಳ ಹಿಡಿತ ಸಡಿಲ. ಅಲ್ಲಿ ಮೂಳೆಯು ಹಳೆಯ ಅಂಚಿನಿಂದ ಮೆಲ್ಲಮೆಲ್ಲನೆ ಬೆಳೆದು ಬರಬೇಕು.

ಹಾಗೆಂದು ಒರಟು ಹೆಚ್ಚಿದಷ್ಟೂ ಲೇಸೆಂದು ತಿಳಿಯಲಾಗದು. ಬಹಳ ಒರಟಾದ ಮೈಯು ಒಸಡಿನಿಂದ ಹೊರಗೆ ತೆರೆದುಕೊಂಡರೆ ಸೂಕ್ಷ್ಮಾಣುಗಳಿಗೆ ಆಶ್ರಯವಾಗುತ್ತದೆ. ಸೋಂಕು ಮೂಳೆಯನ್ನೇ ಕರಗಿಸಬಹುದು. ವೆನ್ನರ್‌ಬರ್ಗ್ ಮತ್ತು ಆಲ್ಬ್ರೆಕ್ಟ್‌ಸನ್ ಅವರ ಸಂಶೋಧನೆಗಳಿಂದ ಒಂದರಿಂದ ಎರಡು ಮೈಕ್ರೊಮೀಟರಿನ, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲಿನ, ಮಧ್ಯಮ ಒರಟುತನವೇ ಹಿತವೆಂಬ ಅಭಿಪ್ರಾಯ ನೆಲೆಗೊಂಡಿತು.

ಹಲ್ಲು ಕಳೆದುಕೊಂಡ ವೃದ್ಧರು ಮುದ್ದೆಯನ್ನು ನುಂಗಿಯಾರು, ಕಬ್ಬನ್ನು ಜಗಿಯಲಾರರು. ಅಂತಹವರಿಗೆ ದಂತಮೂಲವು ತಿಂಗಳೊಪ್ಪತ್ತಿನಲ್ಲಿ ನೆಲೆನಿಲ್ಲುವುದೋ ಅನೇಕ ತಿಂಗಳು ಕಾಯಬೇಕಾಗುವುದೋ ಎಂಬುದು ಬಹುಮಟ್ಟಿಗೆ ಈ ಅಳತೆಯನ್ನು ಅವಲಂಬಿಸಿದೆ. 1952ರ ಆಕಸ್ಮಿಕವನ್ನಷ್ಟೇ ನೆನೆದರೆ, ಆ ಅಳತೆಯನ್ನು ಕಂಡುಕೊಳ್ಳಲು ಹಲವರು ದಶಕಗಳ ಕಾಲ ಪಟ್ಟ ಶ್ರಮವು ಮರೆಯಾಗುತ್ತದೆ. ವಿಜ್ಞಾನದ ಇತಿಹಾಸವನ್ನು ಬೋಧಿಸುವವರು ವಿದ್ಯಾರ್ಥಿಗಳಿಗೆ ಈ ಎರಡನ್ನೂ ಜೊತೆಯಾಗಿ ತಿಳಿಸಬೇಕೆಂಬುದು ನಮ್ಮ ಅಭಿಪ್ರಾಯ.