ಮರಳಿ ಕಳುಹಿಸಿದ ಒಡವೆಗಳು



ಆನಗೋಡಿನ ನಮ್ಮ ಮನೆಯ ಜಗಲಿಯ ಮೇಲೆ ಬೇಸಗೆಯ ರಾತ್ರಿಗಳಲ್ಲಿ ಸೋದರಮಾವನವರು ಹೇಳುತ್ತಿದ್ದ ಕಥೆಯೊಂದನ್ನು ಕೇಳುತ್ತ ನಾನು ಬೆಳೆದವನು. ಎರಡು ಪಾಳೆಯಗಾರ ಮನೆತನಗಳು; ಅವುಗಳ ನಡುವೆ ಏಳು ತಲೆಮಾರಿನ ಹಗೆ. ಒಂದು ಮನೆಯ ಹುಡುಗ, ಇನ್ನೊಂದು ಮನೆಯ ಹುಡುಗಿ ಪರಸ್ಪರ ಮೆಚ್ಚುತ್ತಾರೆ. ಹೂತಿಟ್ಟ ನಿಧಿಯ ಗುರುತು ಅರ್ಧ ಅವನ ಮನೆಯಲ್ಲಿ, ಅರ್ಧ ಅವಳ ಮನೆಯಲ್ಲಿ. ಇಬ್ಬರೂ ಕೂಡಿದಾಗ ನಿಧಿ ಸಿಗುತ್ತದೆ, ಹಗೆ ತೀರುತ್ತದೆ. ನಿಧಿ ಸಿಕ್ಕಿತೆಂದ ಮೇಲೆಯೇ ನಮಗೆ ನಿದ್ದೆ. ಕನ್ನಡ ಎಂ.ಎ. ಮುಗಿಸಿ, ಬಹುಕಾಲ ಪಾಠ ಹೇಳಿ, ನಿವೃತ್ತನಾದ ಮೇಲೂ ಆ ಕಥೆ ನನ್ನನ್ನು ಬಿಟ್ಟಿಲ್ಲ. ಅದರಲ್ಲಿ ನಿಜವೆಷ್ಟು ಎಂಬುದೇ ಇಂದಿನ ನನ್ನ ಮಾತು.

ಹಗೆ ಮಾತ್ರ ನಿಜ. ಆನಗೋಡಿಗೆ ದೂರವಲ್ಲದ ಮಾಯಕೊಂಡದಲ್ಲಿ 1748ರಲ್ಲಿ ಚಿತ್ರದುರ್ಗದ ಮದಕರಿನಾಯಕನಿಗೂ, ಹರಪನಹಳ್ಳಿ, ಬಿದನೂರು, ರಾಯದುರ್ಗ, ಸವಣೂರುಗಳ ಕೂಟಕ್ಕೂ ಘೋರ ಕಾಳಗವಾಯಿತು. ಆನೆಯ ಮೇಲಿದ್ದ ಮದಕರಿಯು ಹರಪನಹಳ್ಳಿಯ ಸೋಮಶೇಖರನಾಯಕನ ಕೈಯಲ್ಲಿ ಮಡಿದನು. ದುರ್ಗದ ಪಕ್ಷದಲ್ಲಿ ಬಂದಿದ್ದ ಚಂದಾಸಾಹೇಬನು ಸೆರೆಸಿಕ್ಕಿದನು. ಗೆದ್ದವರಿಗೆ ಆದ ಲಾಭವೇನು? 1779ರಲ್ಲಿ ದುರ್ಗವು ಹೈದರಾಲಿಯ ಪಾಲಾಯಿತು. ಮುಂದೆ ಹರಪನಹಳ್ಳಿಯು ಟಿಪ್ಪುವಿನ ವಶವಾಯಿತು. ನೆರೆಹೊರೆಯವರು ಹೊಡೆದಾಡಿಕೊಂಡರು, ಮೂರನೆಯವನು ಬಂದು ಬಾಗಿಲು ತೆರೆದನು.

ಇನ್ನು ಒಲವು ಮತ್ತು ಒಡವೆ. ಪೈಪೋಟಿಯ ಎರಡು ಮನೆಗಳನ್ನು ಕೂಡಿಸಿದ ಮದುವೆ, ಅದರ ನಡುವೆ ಒಡವೆಯ ಮಾತು, ಅದೂ ಆ ಕಾಲದವನೇ ಒಬ್ಬನು ಬರೆದಿಟ್ಟದ್ದು, ನನಗೆ ದೊರೆತದ್ದು ನಮ್ಮ ಬಯಲುಸೀಮೆಯಲ್ಲಲ್ಲ. ಘಟ್ಟದ ಕೆಳಗೆ, ನೇತ್ರಾವತಿಯು ಕಡಲನ್ನು ಸೇರುವಲ್ಲಿ. ಬರೆದವನು ರೋಮ್ ನಗರದ ಪಿಯೆತ್ರೊ ದೆಲ್ಲ ವಾಲೆ. 1623ರಲ್ಲಿ ಗೋವೆಯಿಂದ ಇಕ್ಕೇರಿಗೆ ಹೊರಟ ಪೋರ್ಚುಗೀಸರ ರಾಯಭಾರದೊಡನೆ ಬಂದು, ಅಲ್ಲಿಂದ ಘಟ್ಟವಿಳಿದು ಮಂಗಳೂರಿಗೆ ಹೋದವನು.

ನದಿಯ ತೆಂಕಣ ದಡದ ಉಳ್ಳಾಲವು ಚೌಟರದು; ಬಡಗಣ ದಡದ ಮಂಗಳೂರು ಸೀಮೆಯು ಬಂಗರದು. ಚೌಟರ ರಾಣಿ ಅಬ್ಬಕ್ಕದೇವಿ. ಆ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು. ಇವಳು ಆ ಪ್ರವಾಸಿಯು ಕಂಡವಳು. ಬಂಗರಸನು ಅವಳನ್ನು ಮದುವೆಯಾದನು. ಅಳಿಯಸಂತಾನದ ನಾಡು ಅದು. ಮನೆತನವು ಹೆಣ್ಣಿನ ಕಡೆಯಿಂದ ಬೆಳೆಯುತ್ತದೆ. ಆದುದರಿಂದ ಮದುವೆಯಾದ ಮಾತ್ರಕ್ಕೆ ರಾಣಿಯು ತನ್ನ ನೆಲವನ್ನು ಗಂಡನಿಗೆ ಒಪ್ಪಿಸಬೇಕಾಗಿರಲಿಲ್ಲ. ಅವನ ರಾಜ್ಯ ಅವನದು, ಅವಳ ರಾಜ್ಯ ಅವಳದು.

ಮುಂದೆ ಮನಸ್ಸು ಮುರಿಯಿತು. ಸಂಬಂಧ ಕಡಿದಾಗಿನ ರೂಢಿಯಂತೆ, ಅವನು ಕೊಟ್ಟಿದ್ದ ಒಡವೆಗಳನ್ನೆಲ್ಲ ರಾಣಿಯು ಅವನಿಗೆ ಮರಳಿ ಕಳುಹಿಸಿದಳು. ಗಂಡನಿಗೆ ಅದು ಸಹಿಸದ ಅವಮಾನವಾಯಿತು. ಒಂದು ದಿನ ಅವಳು ದೋಣಿಯಲ್ಲಿ ಹೋಗುತ್ತಿದ್ದಾಗ ತನ್ನ ಜನರಿಂದ ಅವಳನ್ನು ಹಿಡಿಸಿದನು. ರಾಣಿಯು ಒಳ್ಳೆಯ ಮಾತನ್ನಾಡಿ ಬಿಡಿಸಿಕೊಂಡಳು. ಬಿಡುಗಡೆಯಾದೊಡನೆ ಯುದ್ಧಕ್ಕೆ ನಿಂತಳು. ಅವನು ಪೋರ್ಚುಗೀಸರ ನೆರವು ಪಡೆದನು. ಅವಳು ಇಕ್ಕೇರಿಯ ವೆಂಕಟಪ್ಪನಾಯಕನನ್ನು ಕರೆದಳು. ವೆಂಕಟಪ್ಪನಾಯಕನು ಅವಕಾಶಕ್ಕೆ ಕಾದಿದ್ದವನು. ಬಂಗರಸನು ಸೋತು, ನೆಲ ಬಿಟ್ಟು, ಕಾಸರಗೋಡಿನ ಕಡೆಗೆ ಹೋಗಬೇಕಾಯಿತು. ಕರಾವಳಿಯಲ್ಲಿ ಇಕ್ಕೇರಿಯ ಮಾತೇ ಮಾತಾಯಿತು. ಇಲ್ಲಿಯೂ ಅದೇ ಮೂರನೆಯವನು!

ಮಾವನವರ ಕಥೆಯಲ್ಲಿ ಒಡವೆ ಸಿಕ್ಕಿದಾಗ ಹಗೆ ತೀರುತ್ತದೆ. ಚರಿತ್ರೆಯಲ್ಲಿ ಒಡವೆ ಮರಳಿದಾಗ ಹಗೆ ಹುಟ್ಟಿತು. ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಆ ಯುದ್ಧವಲ್ಲ, ಪ್ರವಾಸಿಯು ರಾಣಿಯನ್ನು ಕಂಡ ಬಗೆ. ಮಣೇಲಿಗೆ ಹೋದಾಗ ಅವಳು ಅವನಿಗೆ ದಾರಿಯಲ್ಲಿಯೇ ಎದುರಾದಳು. ಕಪ್ಪು ಬಣ್ಣ, ತುಂಬಿದ ಮೈ, ಬರಿಗಾಲು, ದಪ್ಪ ಬಿಳಿಯ ಹತ್ತಿಬಟ್ಟೆ, ನೆತ್ತಿಯ ಮೇಲೆ ತಾಳೆಗರಿಯ ಕೊಡೆ. ಹೊಸದಾಗಿ ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಹೊರಟಿದ್ದಳು. ನೋಟಕ್ಕೆ ಅಡುಗೆಯಾಳಿನಂತೆ ಕಂಡರೂ ಮಾತಿನಲ್ಲಿ ಅರಸಿಯ ಘನತೆಯಿತ್ತೆಂದು ಅವನೇ ಬರೆದಿದ್ದಾನೆ. ಇಷ್ಟು ದೂರ ಏಕೆ ಅಲೆಯುತ್ತಿರುವೆ, ಪ್ರೀತಿಪಾತ್ರರು ಯಾರಾದರೂ ತೀರಿಕೊಂಡರೆ, ಎಂದು ಅವಳು ಕೇಳಿದಳು. ಅವನು ಇಲ್ಲವೆಂದನು.

ಅದು ಸುಳ್ಳು. ಅವನ ಹೆಂಡತಿ ಮಾನಿಯು ಪಾರಸಿಕ ದೇಶದಲ್ಲಿ ತೀರಿಕೊಂಡಿದ್ದಳು. ಅವಳ ದೇಹವನ್ನು ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿರಿಸಿ, ಇಂಡಿಯಾಕ್ಕೂ ತಂದು, ಕಡೆಗೆ ರೋಮಿಗೆ ಒಯ್ದು ಮಣ್ಣು ಮಾಡಿದವನು ಅವನು. ಆ ದಾರಿಯಲ್ಲಿ ಎದುರುಬದುರು ನಿಂತವರಲ್ಲಿ ಒಬ್ಬಳು ಗಂಡನ ಒಡವೆಯನ್ನು ಹಿಂದಿರುಗಿಸಿದವಳು. ಇನ್ನೊಬ್ಬನು ಹೆಂಡತಿಯ ದೇಹವನ್ನೂ ಬಿಟ್ಟುಕೊಡಲಾರದವನು. ಅವನ ಮನಸ್ಸನ್ನು ಅವಳು ಹೇಗೆ ಓದಿದಳೆಂದು ನಾನು ಇಂದಿಗೂ ಬೆರಗಾಗುತ್ತೇನೆ.

ಈಚೆಗೆ ಊರಿಗೆ ಹೋಗಿದ್ದಾಗ ಹೊಲದಂಚಿನ ವೀರಗಲ್ಲೊಂದು ಎರಡು ತುಂಡಾಗಿ ಬಿದ್ದಿತ್ತು. ಬುಡದಲ್ಲಿ ಆಳೆತ್ತರದ ಗುಂಡಿ. ನಿಧಿಯ ಆಸೆಗೆ ಯಾರೋ ಅಮಾವಾಸ್ಯೆಯ ರಾತ್ರಿ ಅಗೆದಿದ್ದರು. ಆಳುವವರ ಹೊನ್ನನ್ನು ಗೆದ್ದವರು ಹೊತ್ತೊಯ್ದರು. ಊರಿಗಾಗಿ ಸತ್ತವನ ಬುಡದಲ್ಲಿ ಬಚ್ಚಿಡಲು ಯಾರ ಬಳಿ ಏನಿತ್ತು? ಅಲ್ಲಿದ್ದ ಆಸ್ತಿಯೆಂದರೆ ಆ ಕಲ್ಲೇ. ಅದನ್ನೂ ಕಳೆದೆವು. ನಮ್ಮ ದಾವಣಗೆರೆ ಸೀಮೆಯಲ್ಲಿ ಅಗೆದು ಸಿಕ್ಕಿದ ನಿಧಿಯನ್ನು ನಾನು ಒಂದೇ ಕಂಡಿದ್ದೇನೆ: ಭದ್ರಾ ನಾಲೆಯ ನೀರು. ಮಣೇಲಿನ ಹಾದಿಯ ರಾಣಿಗೆ ಇದು ತಿಳಿದಿತ್ತೆಂದು ತೋರುತ್ತದೆ.

ಮೊಮ್ಮಕ್ಕಳಿಗೆ ನಾನು ಮಾವನವರ ಕಥೆಯನ್ನೂ ಹೇಳುತ್ತೇನೆ, ರಾಣಿಯ ಕಥೆಯನ್ನೂ ಹೇಳುತ್ತೇನೆ. “ಕೊನೆಗೆ ಒಡವೆ ಯಾರಿಗೆ ಹೋಯ್ತು ಅಜ್ಜಾ?” ಎಂದು ಚಿಕ್ಕವಳು ಕೇಳಿದಳು. “ಗಂಡನಿಗೇ ಹೋಯ್ತಮ್ಮ, ಆದರೆ ಅವನಿಗೆ ಊರು ಉಳೀಲಿಲ್ಲ” ಎಂದೆ. ಅವಳಿಗೆ ನಿದ್ದೆ ಬರಲಿಲ್ಲ.