ಕೊಟ್ಟಿಗೆಯ ತೊಲೆ ಹೇಳಿದ ರೈಲಿನ ಕಥೆ

ಕೊಬ್ಬರಿ ಬೆಲೆಯ ಸುದ್ದಿ ಮಾಡಲು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆವು. ಮನೆಯವರು ಮಜ್ಜಿಗೆ ಕೊಟ್ಟರು. ಕುಡಿಯುತ್ತಾ ನಿಂತಾಗ ದನದ ಕೊಟ್ಟಿಗೆಯ ಬಾಗಿಲ ಮೇಲಿದ್ದ ತೊಲೆ ಕಣ್ಣಿಗೆ ಬಿತ್ತು. ಕಪ್ಪಗೆ, ಒರಟಾಗಿ, ಕಬ್ಬಿಣದಷ್ಟು ಗಟ್ಟಿಯಾಗಿತ್ತು. ಎರಡೂ ತುದಿಯ ಹತ್ತಿರ ಜೋಡಿ ಜೋಡಿ ತೂತುಗಳು.

ಟೇಪು ತರಿಸಿ ಅಳೆದೆವು. ಉದ್ದ ಸುಮಾರು ಆರಡಿ. ಒಳಬದಿಯ ತೂತುಗಳ ನಡುವೆ ಒಂದು ಮೀಟರಿಗೆ ಸ್ವಲ್ಪ ಕಡಿಮೆ, ಹೊರಬದಿಯ ತೂತುಗಳ ನಡುವೆ ಸ್ವಲ್ಪ ಹೆಚ್ಚು. ಅಷ್ಟು ಸಾಕಾಯಿತು. ಅದು ಮನೆಗೆಂದು ಕೊಯ್ದ ಮರವಲ್ಲ. ಮೀಟರ್‌ಗೇಜ್ ರೈಲು ಹಳಿಯ ಕೆಳಗೆ ಮಲಗಿದ್ದ ಸ್ಲೀಪರ್. ಆ ತೂತುಗಳು ಹಳಿಯನ್ನು ಹಿಡಿದಿದ್ದ ಮೊಳೆಗಳವು.

ಈ ದಿಮ್ಮಿ ಹಳಿಯ ಕೆಳಗಿನಿಂದ ಹೊರಗೆ ಹೇಗೆ ಬಂತು? ಯಾರು ಕಿತ್ತರು, ಯಾವುದರಿಂದ ಕಿತ್ತರು? ನಮ್ಮ ಜಿಲ್ಲೆಯ ರೈಲಿನ ಚರಿತ್ರೆ ಎಂದರೆ ದಿವಾನರ ಹೆಸರು, ಉದ್ಘಾಟನೆಯ ತಾರೀಖು. ಹಾರೆ ಹಿಡಿದವರ ಕಥೆ ಅದರಲ್ಲಿ ಬರುವುದಿಲ್ಲ. ಇವತ್ತು ಅದನ್ನೇ ಬರೆಯುತ್ತಿದ್ದೇವೆ.

ಬರದಲ್ಲಿ ಹುಟ್ಟಿದ ಹಳಿ

ನಮ್ಮ ಹಿರಿಯರು ಧಾತು ಬರ ಎಂದು ಕರೆಯುವ 1876–78ರ ಕ್ಷಾಮ ಮೈಸೂರು ಸೀಮೆಯನ್ನು ಹಿಂಡಿ ಹಾಕಿತ್ತು. ಹೊರಗಿನಿಂದ ಧಾನ್ಯ ತರಲು ದಾರಿ ಬೇಕಿತ್ತು, ಹಸಿದವರಿಗೆ ಕೂಲಿ ಬೇಕಿತ್ತು. ಬೆಂಗಳೂರು–ಮೈಸೂರು ರೈಲುದಾರಿಯ ಕೆಲಸ ಹೀಗೆ ಬರಗಾಲದ ಕಾಮಗಾರಿಯಾಗಿ ಶುರುವಾಗಿ 1882ರಲ್ಲಿ ಮುಗಿಯಿತು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂದಿತ್ತು. ದಿವಾನ್ ರಂಗಾಚಾರ್ಲು, ಅವರ ನಂತರ ಶೇಷಾದ್ರಿ ಅಯ್ಯರ್, ಇಬ್ಬರೂ ರೈಲಿನ ಮೇಲೆ ಭರವಸೆ ಇಟ್ಟವರು.

1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದೂ ಅದೇ 1884ರಲ್ಲಿ. 1886ರಲ್ಲಿ ಈ ದಾರಿಯನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ವಹಿಸಲಾಯಿತು. 1889ರ ಹೊತ್ತಿಗೆ ಹಳಿ ಗುಬ್ಬಿಯನ್ನು ದಾಟಿ ಹರಿಹರ ಮುಟ್ಟಿತು.

ಇದೆಲ್ಲ ಮೀಟರ್‌ಗೇಜ್. ಎರಡು ಹಳಿಗಳ ನಡುವೆ 1000 ಮಿಲಿಮೀಟರ್, ಅಂದರೆ ಸರಿಯಾಗಿ ಒಂದು ಮೀಟರ್. ಈಗ ನಾವು ಓಡಾಡುವ ಬ್ರಾಡ್‌ಗೇಜ್‌ನಲ್ಲಿ ಈ ಅಂತರ 1676 ಮಿಲಿಮೀಟರ್.

ದಿಮ್ಮಿಯ ಕೆಲಸ ಏನು?

ಸ್ಲೀಪರ್ ಎರಡು ಕೆಲಸ ಮಾಡುತ್ತದೆ. ಹಳಿಗಳು ಅತ್ತಿತ್ತ ಸರಿಯದಂತೆ ಹಿಡಿಯುತ್ತದೆ. ರೈಲಿನ ಭಾರವನ್ನು ಕೆಳಗಿನ ಜಲ್ಲಿಗೆ ಹಂಚುತ್ತದೆ. ಜಲ್ಲಿ ಮಳೆನೀರನ್ನು ಇಳಿಸಿ, ದಿಮ್ಮಿ ಅಲುಗದಂತೆ ಕಚ್ಚಿ ಹಿಡಿಯುತ್ತದೆ.

ಮರ ಎಂದ ಮೇಲೆ ಕೊಳೆಯುತ್ತದೆ, ಸೀಳುತ್ತದೆ, ಗೆದ್ದಲು ಹಿಡಿಯುತ್ತದೆ. ಮೊಳೆಯ ತೂತು ಸಡಿಲವಾದರೆ ಹಳಿಯ ಹಿಡಿತ ತಪ್ಪುತ್ತದೆ. ಹಾಗಾಗಿ ಸ್ಲೀಪರ್ ಒಮ್ಮೆ ಹಾಕಿ ಮರೆಯುವ ವಸ್ತುವಲ್ಲ. ಹತ್ತಾರು ವರ್ಷಕ್ಕೊಮ್ಮೆ ಪ್ರತಿಯೊಂದನ್ನೂ ಕಿತ್ತು ಹೊಸದು ಹಾಕಬೇಕಿತ್ತು. ಅದೂ ಮೇಲಿನ ಹಳಿಯನ್ನು ತೆಗೆಯದೆ, ಒಂದು ರೈಲು ಹೋಗಿ ಇನ್ನೊಂದು ಬರುವುದರೊಳಗೆ.

ಹೇಗೆ ಎಂದು ಯೋಚಿಸಿ. ಮೇಲೆ ಹಳಿ ಕೂತಿದೆ, ಸುತ್ತ ಜಲ್ಲಿ ಕಚ್ಚಿದೆ. ಮೇಲಕ್ಕೆ ಎತ್ತಲಾಗದು. ಪಕ್ಕದಿಂದಲೇ ಎಳೆಯಬೇಕು.

ಕೀಳುವ ಕ್ರಮ

ಮೊದಲು ಜಲ್ಲಿ ಬಿಚ್ಚಬೇಕು. ದಿಮ್ಮಿಯ ಒಂದು ಪಕ್ಕದ ಜಲ್ಲಿಯನ್ನು ಅದರ ತಳದವರೆಗೆ ತೆಗೆದು, ಎಳೆಯುವ ತುದಿಯ ಕಡೆಗೂ ಒಂದು ಕಾಲುವೆಯಂತೆ ತೋಡುತ್ತಾರೆ. ಬಿಗಿದ ಜಲ್ಲಿಗೆ ಪಿಕಾಸಿ, ಎಳೆದು ಹಾಕಲು ಹಲ್ಲುಗಳಿರುವ ಕೈಮುಳ್ಳು ಮತ್ತು ಸನಿಕೆ, ಹೊರಲು ಬಾಂಡ್ಲಿ. ಜಲ್ಲಿಯ ಜೊತೆ ಮಣ್ಣು ಬೆರೆತು ಗಟ್ಟಿಯಾಗಿದ್ದರೆ ಅರ್ಧ ಶ್ರಮ ಇಲ್ಲೇ ಮುಗಿಯುತ್ತಿತ್ತು.

ಎರಡನೆಯದು ಮೊಳೆ. ಹಳಿಯ ಪಾದವನ್ನು ಅಮುಕಿ ಹಿಡಿಯುವ ಮೊಳೆಗೆ ಡಾಗ್ ಸ್ಪೈಕ್ ಎಂದು ಹೆಸರು. ಅದರ ತಲೆ ನಾಯಿಯ ಮೂತಿಯ ಹಾಗೆ ಮುಂದಕ್ಕೆ ಚಾಚಿರುತ್ತದೆ. ಇದನ್ನು ಕೀಳಲು ತುದಿ ಸೀಳಿದ ಹಾರೆ ಇತ್ತು. ಬಡಗಿಯ ಸುತ್ತಿಗೆಯ ಹಿಂಬದಿಯಲ್ಲಿ ಮೊಳೆ ಕೀಳುವ ಸೀಳು ಇರುತ್ತದಲ್ಲ, ಅದನ್ನೇ ಮನುಷ್ಯನಷ್ಟು ಉದ್ದ ಮಾಡಿದರೆ ಹೇಗೋ ಹಾಗೆ.

ಹಾರೆಯ ಲೆಕ್ಕ ರೈತರಿಗೆ ಹೇಳಿಕೊಡಬೇಕಿಲ್ಲ. ಹೊಲದಲ್ಲಿ ಗುಂಡು ಮೀಟುವಾಗ ಹಾರೆಯ ಕೆಳಗೆ ಒಂದು ಕಲ್ಲು ಆನಿಕೆ ಕೊಡುತ್ತೇವೆ. ಆನಿಕೆಯಿಂದ ತುದಿಗೆ 10 ಸೆಂಟಿಮೀಟರ್, ಕೈಗೆ 140 ಸೆಂಟಿಮೀಟರ್ ಇದ್ದರೆ ನಮ್ಮ ಬಲ 14 ಪಟ್ಟಾಗುತ್ತದೆ. 20 ಕೆಜಿಯಷ್ಟು ಬಲ ಹಾಕಿದರೆ ತುದಿಯಲ್ಲಿ 280 ಕೆಜಿಯ ಕೆಲಸ. ವರ್ಷಗಟ್ಟಲೆ ತುಕ್ಕು ಹಿಡಿದು ಮರಕ್ಕೆ ಅಂಟಿದ ಮೊಳೆ ಕಿರ್ರೆಂದು ಮೇಲೆ ಬರುತ್ತಿದ್ದುದು ಈ ಲೆಕ್ಕದಿಂದ.

ಮೂರನೆಯದು ದಿಮ್ಮಿಯನ್ನೇ ಹೊರತೆಗೆಯುವುದು. ಹಾರೆಯಿಂದ ಮೀಟಿ, ಖಾಲಿ ಮಾಡಿದ ಪಕ್ಕದ ಗುಂಡಿಗೆ ಅದನ್ನು ಕೆಡವುತ್ತಾರೆ. ಈಗ ಹಳಿಯ ಪಾದಕ್ಕೂ ದಿಮ್ಮಿಗೂ ನಡುವೆ ಸಂದು ಸಿಕ್ಕಿತು. ಆಮೇಲೆ ಬರುವುದು ಸ್ಲೀಪರ್ ಇಕ್ಕಳ. ಒಲೆಯ ಮೇಲಿನ ಪಾತ್ರೆ ಹಿಡಿಯುವ ಇಕ್ಕಳದ ಅಣ್ಣ ಎನ್ನಿ. ಎರಡು ಬಾಗಿದ ಕಬ್ಬಿಣದ ತೋಳು, ನಡುವೆ ಒಂದು ಗುಬುಟು, ತುದಿಯಲ್ಲಿ ಚೂಪಾದ ಹಲ್ಲು. ಇದರ ಜಾಣತನ ಏನೆಂದರೆ, ಎಷ್ಟು ಜೋರಾಗಿ ಎಳೆದರೆ ಹಲ್ಲು ಅಷ್ಟು ಬಿಗಿಯಾಗಿ ಮರವನ್ನು ಕಚ್ಚುತ್ತದೆ. ಒಂದು ತುದಿಯಲ್ಲಿ ಇಕ್ಕಳ ಹಿಡಿದವರು ಎಳೆಯುತ್ತಾರೆ, ಇನ್ನೊಂದು ತುದಿಯಲ್ಲಿ ಹಾರೆ ಹಿಡಿದವರು ನೂಕುತ್ತಾರೆ. ಎಲ್ಲರ ಬಲ ಒಂದೇ ಕ್ಷಣಕ್ಕೆ ಬೀಳಬೇಕು. ಅದಕ್ಕೇ ಐಸಾ ಎಂಬ ಕೂಗು.

ಹೊಸ ದಿಮ್ಮಿ ಅದೇ ದಾರಿಯಲ್ಲಿ ಒಳಗೆ ಹೋಗುತ್ತದೆ. ಹಳಿ ಕೂರುವ ಜಾಗವನ್ನು ಬಾಚಿಯಿಂದ ಕೆತ್ತಿ ಸಮ ಮಾಡುವುದು, ಬೈರಿಗೆಯಿಂದ ತೂತು ಕೊರೆಯುವುದು, ಅಳತೆಗೋಲಿನಿಂದ ಹಳಿಗಳ ಅಂತರ ನೋಡುವುದು, ಮೊಳೆ ಹೊಡೆಯುವುದು. ಕೊನೆಗೆ, ಬೀಟರ್ ಎಂಬ ಮೊಂಡು ಮೂತಿಯ ಪಿಕಾಸಿಯಿಂದ ದಿಮ್ಮಿಯ ಕೆಳಗೆ ಜಲ್ಲಿ ಬಡಿದು ಗಟ್ಟಿ ಮಾಡುವುದು. ಇದು ಸಡಿಲವಾದರೆ ಮೊದಲ ರೈಲಿಗೇ ಹಳಿ ಕುಸಿಯುತ್ತದೆ.

ಅಕ್ಕಪಕ್ಕದ ದಿಮ್ಮಿಗಳನ್ನು ಒಟ್ಟಿಗೆ ಬಿಚ್ಚುವಂತಿಲ್ಲ. ಒಂದನ್ನು ಹಾಕಿ ಬಿಗಿದ ಮೇಲೆ ಅದರ ಪಕ್ಕದ್ದು.

ಈ ಕೆಲಸಕ್ಕೆ ಅಮೆರಿಕದಲ್ಲಿ ಬಗೆಬಗೆಯ ಕೈಯಂತ್ರಗಳಿಗೆ ಪೇಟೆಂಟ್ ಪಡೆದರು. ಹಳಿಗೆ ಆನಿಕೊಂಡು, ಲಿವರ್ ಜಗ್ಗಿದಷ್ಟೂ ದಿಮ್ಮಿಯನ್ನು ಗೇಣು ಗೇಣಾಗಿ ಹೊರಗೆಳೆಯುವಂಥವು. ನಮ್ಮ ಕಡೆ ಕೊನೆಯವರೆಗೂ ನಿಂತದ್ದು ಹಾರೆ ಮತ್ತು ಇಕ್ಕಳ. ಕೂಲಿ ಅಗ್ಗವಾಗಿರುವ ಕಡೆ ಯಂತ್ರಕ್ಕೆ ಯಾರೂ ಅವಸರ ಮಾಡುವುದಿಲ್ಲ ಎಂದು ನಮಗೆ ಅನ್ನಿಸುತ್ತದೆ. ಹಾಗೆಂದು ಅಲ್ಲಿನ ಕೂಲಿಗಳ ಬದುಕೇನೂ ಸುಲಭವಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಗ್ಯಾಂಗುಗಳು ಹಾಡು ಕಟ್ಟಿ, ಅದರ ಲಯಕ್ಕೆ ಹಾರೆ ಹಾಕಿ ಹಳಿ ಸರಿಸುತ್ತಿದ್ದವು. ನಮ್ಮ ಐಸಾ, ಅವರ ಹಾಡು, ಎರಡರ ಕೆಲಸವೂ ಒಂದೇ.

ಎಲ್ಲ ದಿಮ್ಮಿಗಳನ್ನೂ ಕಿತ್ತ ಕಾಲ

1990ರ ದಶಕದಲ್ಲಿ ನಮ್ಮ ದಾರಿ ಬ್ರಾಡ್‌ಗೇಜ್ ಆಯಿತು. ಹಳಿಯನ್ನು ಸ್ವಲ್ಪ ಆಚೆ ಸರಿಸಿದರೆ ಆಗುವ ಕೆಲಸವಲ್ಲ ಅದು. ಮೀಟರ್‌ಗೇಜ್‌ನ ಮರದ ದಿಮ್ಮಿ 180 ಸೆಂಟಿಮೀಟರ್ ಉದ್ದ. ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರವೇ ಸುಮಾರು 168 ಸೆಂಟಿಮೀಟರ್. ಹಳಿ ಕೂತರೆ ಆಚೀಚೆ ತುದಿಯೇ ಉಳಿಯುವುದಿಲ್ಲ. ಅದಕ್ಕೆ 275 ಸೆಂಟಿಮೀಟರ್ ಉದ್ದದ ಸ್ಲೀಪರ್ ಬೇಕು. ಹಾಗಾಗಿ ಹಳೆಯ ಸ್ಲೀಪರ್ ಒಂದೂ ಉಳಿಯುವಂತಿರಲಿಲ್ಲ.

ಈಗಿನ ಮುಖ್ಯ ದಾರಿಗಳ ಲೆಕ್ಕದಲ್ಲಿ ಒಂದು ಕಿಲೋಮೀಟರಿಗೆ 1660 ಸ್ಲೀಪರ್, ಅಂದರೆ ಎರಡಡಿಗೆ ಒಂದರಂತೆ. ತುಮಕೂರಿನಿಂದ ಗುಬ್ಬಿಗೆ ರೈಲಿನಲ್ಲಿ ಸುಮಾರು 18 ಕಿಲೋಮೀಟರ್. ಒಂದು ಜೋಡಿ ಹಳಿಗೇ ಮೂವತ್ತು ಸಾವಿರದ ಹತ್ತಿರ. ನಾವು ಇಪ್ಪತ್ತು ನಿಮಿಷದಲ್ಲಿ, ಕಡಲೆಕಾಯಿ ತಿನ್ನುತ್ತಾ ದಾಟುವ ದಾರಿ ಅದು.

ರೈಲ್ವೆಗೆ ಬೇಡವಾದ ಮರದ ದಿಮ್ಮಿಗಳು ಹರಾಜಾಗಿ ಊರುಗಳಿಗೆ ಬಂದವು. ಬಾಗಿಲ ತೊಲೆ, ಬೇಲಿಯ ಕಂಬ, ಗಾಡಿ ನಿಲ್ಲಿಸುವ ಕಟ್ಟೆ ಆದವು. ನಾವು ಅಳೆದ ತೊಲೆಯೂ ಆ ಪೈಕಿಯದೇ.

ಕುಣಿಗಲ್‌ನ ಹಳಿ ಬೇರೆ

ತುಮಕೂರು ರೈಲು ನೋಡಿದ 133 ವರ್ಷಗಳ ನಂತರ ಕುಣಿಗಲ್ ನೋಡಿತು. ನೆಲಮಂಗಲ–ಶ್ರವಣಬೆಳಗೊಳ ಭಾಗ ಮುಗಿದು, ಬೆಂಗಳೂರು–ಹಾಸನ ದಾರಿ ಉದ್ಘಾಟನೆಯಾದದ್ದು 2017ರ ಮಾರ್ಚ್ 26ರಂದು. ಕುಣಿಗಲ್‌ನ ಹಳಿ ಮರದ ಸ್ಲೀಪರನ್ನೂ ಮೀಟರ್‌ಗೇಜನ್ನೂ ಕಂಡೇ ಇಲ್ಲ. ಹುಟ್ಟುತ್ತಲೇ ಬ್ರಾಡ್‌ಗೇಜ್, ಹುಟ್ಟುತ್ತಲೇ ಕಾಂಕ್ರೀಟ್.

ಪ್ಲಾಟ್‌ಫಾರಂ ಮೇಲೆ ನಿಂತೇ ಬಗ್ಗಿ ನೋಡಿ. ಮೊಳೆಯ ಬದಲು ಬಾಗಿದ ಕಬ್ಬಿಣದ ಕ್ಲಿಪ್ಪುಗಳು ಕಾಣುತ್ತವೆ. ಪ್ಯಾಂಡ್ರೋಲ್ ಕ್ಲಿಪ್ ಎಂದು ಜನ ಕರೆಯುತ್ತಾರೆ. ನಾರ್ವೆ ದೇಶದ ರೈಲ್ವೆ ಇಂಜಿನಿಯರ್ ಪರ್ ಪಾಂಡೆ-ರೋಲ್ಫ್‌ಸೆನ್ ಅವರ ಹೆಸರಿನಿಂದ ಬಂದ ಮಾತು ಅದು.

ತೂಕದ ವ್ಯತ್ಯಾಸ ನೋಡಿ. ಮೀಟರ್‌ಗೇಜ್‌ನ ಮರದ ದಿಮ್ಮಿ ನಲವತ್ತು ಕೆಜಿಯ ಆಸುಪಾಸು, ಇಬ್ಬರು ಹೊರಬಹುದು. ಬ್ರಾಡ್‌ಗೇಜ್‌ನ ಮರದ್ದು ಎಂಬತ್ತರ ಹತ್ತಿರ. ಕಾಂಕ್ರೀಟಿನದು ಸುಮಾರು 270 ಕೆಜಿ. ಇಕ್ಕಳದ ಹಲ್ಲು ಮರವನ್ನು ಕಚ್ಚಿದ ಹಾಗೆ ಕಾಂಕ್ರೀಟನ್ನು ಕಚ್ಚುವುದಿಲ್ಲ. ದಿಮ್ಮಿಯ ತೂಕ ಏರಿದಂತೆ ಹಳಿ ಬದಲಿಸುವ, ಜಲ್ಲಿ ಜರಡಿ ಹಿಡಿಯುವ, ಜಲ್ಲಿ ಬಡಿಯುವ ಕೆಲಸಗಳಿಗೆ ದೊಡ್ಡ ಯಂತ್ರಗಳು ಹಳಿಯ ಮೇಲೆ ಬಂದವು. ಕಾಂಕ್ರೀಟ್ ಹೆಚ್ಚು ಬಾಳುತ್ತದೆ, ಕಾಡೂ ಉಳಿಯುತ್ತದೆ. ಇದು ಒಳ್ಳೆಯದೇ.

ಹಾರೆ ಇನ್ನೂ ಕೆಳಗಿಟ್ಟಿಲ್ಲ

ಯಂತ್ರ ಬಂತು, ಮನುಷ್ಯ ಹೋದ ಎಂದುಕೊಂಡರೆ ತಪ್ಪು. ಎಲ್ಲೋ ಒಂದು ಕಾಂಕ್ರೀಟ್ ಸ್ಲೀಪರ್ ಒಡೆದರೆ ಅದೊಂದಕ್ಕೆ ದೊಡ್ಡ ಯಂತ್ರ ಬರುವುದಿಲ್ಲ. ಎಂಟು ಹತ್ತು ಜನ ಹಾರೆ, ಹಗ್ಗ ಹಿಡಿದು ಅದನ್ನು ಹೊರಗೆಳೆಯುತ್ತಾರೆ. ತೂಕ ಆರೇಳು ಪಟ್ಟಾಗಿದೆ, ಬೆನ್ನು ಮಾತ್ರ ಅದೇ. ಮೊದಲು ಗ್ಯಾಂಗ್‌ಮನ್ ಎನ್ನುತ್ತಿದ್ದರು, ಈಗ ಟ್ರ್ಯಾಕ್ ಮೇಂಟೇನರ್ ಎನ್ನುತ್ತಾರೆ. ಸುತ್ತಿಗೆ ಹೆಗಲಿಗೇರಿಸಿ ಬೆಳಗ್ಗೆಯೇ ಹಳಿಯುದ್ದಕ್ಕೂ ನಡೆಯುವ ಕೀಮನ್ ಇವತ್ತೂ ಇದ್ದಾರೆ.

ಅಪಾಯವೂ ಹಾಗೇ ಇದೆ. ಹಳಿ ಬಿಚ್ಚಿ ಕೆಲಸ ಮಾಡುವಾಗ ಬ್ರಾಡ್‌ಗೇಜ್‌ನಲ್ಲಿ 600 ಮೀಟರ್ ದೂರದಲ್ಲಿ ಕೆಂಪು ಬ್ಯಾನರ್ ಬಾವುಟ ಕಟ್ಟಬೇಕು, 1200 ಮೀಟರ್ ದೂರದಲ್ಲಿ ಹಳಿಯ ಮೇಲೆ ಮೂರು ಡಿಟೊನೇಟರ್ ಇಡಬೇಕು. ಗಾಲಿ ಹತ್ತಿದರೆ ಪಟಾಕಿಯಂತೆ ಸಿಡಿದು ಚಾಲಕನನ್ನು ಎಚ್ಚರಿಸುತ್ತವೆ. ಆದರೆ ಬಗ್ಗಿ ಸುತ್ತಿಗೆ ಹೊಡೆಯುವವನಿಗೆ ತನ್ನ ಸದ್ದೇ ಕಿವಿ ತುಂಬಿರುತ್ತದೆ. ಜೋಡಿ ಹಳಿಯ ದಾರಿಯಲ್ಲಿ ಒಂದು ರೈಲಿಗೆ ದಾರಿ ಬಿಡಲು ಸರಿದವನಿಗೆ ಇನ್ನೊಂದು ಕಾಣುವುದಿಲ್ಲ. ಅನಿಲ್ ಕಾಕೋಡ್ಕರ್ ಅಧ್ಯಕ್ಷತೆಯ ರೈಲ್ವೆ ಸುರಕ್ಷತಾ ಸಮಿತಿ 2012ರ ವರದಿಯಲ್ಲಿ ಕೆಲಸದಲ್ಲೇ ಸಾಯುವ ನೌಕರರ ಬಗ್ಗೆಯೂ ಹೇಳಿತು. ಅಂಥ ಸಾವು ನಮ್ಮ ಪತ್ರಿಕೆಗಳಲ್ಲಿ ನಾಲ್ಕು ಸಾಲಿನ ಸುದ್ದಿ. ಆ ನಾಲ್ಕು ಸಾಲನ್ನು ನಾವೂ ಬರೆದು ಕಳಿಸಿದ್ದೇವೆ. ಸತ್ತವರು ಏನು ಕೆಲಸ ಮಾಡುತ್ತಿದ್ದರು, ಕೈಯಲ್ಲಿ ಏನಿತ್ತು ಎಂದು ಕೇಳಿರಲಿಲ್ಲ. ಈ ಬರಹಕ್ಕೆ ಅದೂ ಒಂದು ಕಾರಣ.

ನಿಮ್ಮಲ್ಲಿ ಒಂದು ಕೇಳಿಕೆ

ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋದವರು ಮಹಾರಾಣಿಯ ಸಲೂನ್ ಬೋಗಿ ನೋಡಿ ಬರುತ್ತಾರೆ, ಹಳೆಯ ಇಂಜಿನ್ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ನೋಡಲೇಬೇಕು. ಆದರೆ ಆ ಬೋಗಿ ಓಡಿದ ಹಳಿಯನ್ನು ಹಿಡಿದು ನಿಲ್ಲಿಸಿದವರ ನೆನಪು ನಮ್ಮ ಊರುಗಳಲ್ಲೇ ಇದೆ.

ಮೀಟರ್‌ಗೇಜ್‌ನಲ್ಲಿ ಗ್ಯಾಂಗ್ ಕೆಲಸ ಮಾಡಿದವರು ಈಗ ವಯಸ್ಸಾದವರು. ನಿಮ್ಮ ಮನೆಯ ಅಜ್ಜ, ಮಾವ, ದೊಡ್ಡಪ್ಪ ಯಾರಾದರೂ ಅವರಲ್ಲಿದ್ದರೆ ಒಂದು ಸಂಜೆ ಪಕ್ಕದಲ್ಲಿ ಕೂತು ಕೇಳಿ. ಯಾವ ಸಾಮಾನಿಗೆ ಏನೆಂದು ಕರೆಯುತ್ತಿದ್ದರು? ಎಳೆಯುವಾಗ ಏನು ಕೂಗುತ್ತಿದ್ದರು? ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮನೆಯಲ್ಲಿ ಹಳೆಯ ಸ್ಲೀಪರ್ ಇದ್ದರೆ ತೂತಿನಿಂದ ತೂತಿಗೆ ಅಳತೆ ಹಿಡಿದು ನೋಡಿ.

ಒಂದು ಎಚ್ಚರಿಕೆ. ಹುಡುಕಲು ಹಳಿಯ ಮೇಲೆ ಹೋಗಬೇಡಿ. ಅಲ್ಲಿ ಬಿದ್ದಿರುವ ಮೊಳೆ, ಕ್ಲಿಪ್ಪು ಏನನ್ನೂ ಮನೆಗೆ ತರಬೇಡಿ. ರೈಲ್ವೆ ಸ್ವತ್ತು ಅಕ್ರಮವಾಗಿ ಇಟ್ಟುಕೊಂಡರೆ ಶಿಕ್ಷೆ ಇದೆ, ಅದಕ್ಕೆಂದೇ 1966ರ ಕಾನೂನಿದೆ.

ಮಜ್ಜಿಗೆಯ ಲೋಟ ವಾಪಸು ಕೊಡುವಾಗ ಆ ಮನೆಯ ಯಜಮಾನರಿಗೆ ತೊಲೆಯ ವಿಷಯ ಹೇಳಿದೆವು. ಅವರು ಕತ್ತೆತ್ತಿ ಸ್ವಲ್ಪ ಹೊತ್ತು ನೋಡಿದರು. ಇಷ್ಟು ದಿನ ಅದರ ಕೆಳಗೇ ಬಗ್ಗಿ ಓಡಾಡಿದ್ದರು. ಆಮೇಲೆ ಟೇಪು ಕೇಳಿ ಇಸಿದುಕೊಂಡು, ತಾವೇ ಇನ್ನೊಮ್ಮೆ ಅಳೆದರು.